ಸೂತ್ರ ಹಿಡಿದು ಲೈನ್ ಮನೆಗೆ ಹೋದಾಗ

ಗ್ರಾಮಸಭೆಗೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ, ಯಾಕೆ? ಇದು ನನ್ನ ಪಿಎಚ್‌ಡಿಯ ಪ್ರಶ್ನೆ. ರಾಜ್ಯಶಾಸ್ತ್ರಜ್ಞರಾದ ರೈಕರ್ ಮತ್ತು ಓರ್ಡೆಶುಕ್ 1968ರಲ್ಲಿ ಮತದಾನದ ಬಗ್ಗೆ ಬರೆದ ಸೂತ್ರವನ್ನೇ ಇದಕ್ಕೂ ಹಿಡಿದೆ: ನನ್ನೊಬ್ಬಳಿಂದ ಫಲಿತಾಂಶ ಬದಲಾಗುವ ಸಾಧ್ಯತೆಯನ್ನು ಅದರ ಲಾಭದಿಂದ ಗುಣಿಸಿ, ಖರ್ಚು ಕಳೆದು, ಕರ್ತವ್ಯ ಮಾಡಿದ ಸಮಾಧಾನವನ್ನು ಕೂಡಿಸಬೇಕು. ಮೊತ್ತ ಸೊನ್ನೆ ದಾಟಿದರೆ ಮನುಷ್ಯ ಹೊರಡುತ್ತಾನೆ.

ಈ 'ಸಮಾಧಾನ' ಅಪಾಯಕಾರಿ. ಬಂದವರಿಗೆಲ್ಲ ಸಮಾಧಾನ ಹೆಚ್ಚಿತ್ತು ಅಂದುಬಿಟ್ಟರೆ ಯಾವ ಅಂಕಿಅಂಶವೂ ಸೂತ್ರವನ್ನು ಸುಳ್ಳಾಗಿಸಲಾರದು. ಹಾಗಾಗಿ ಅಳೆಯಬಹುದಾದ ಖರ್ಚಿನ ಬೆನ್ನು ಹತ್ತಿದೆ. ಕೊಡಗಿನ ತೋಟಗಳಲ್ಲಿ ಮಳೆಗಾಲದ ಕೆಲಸಕ್ಕೆ ದಿನಗೂಲಿ. ಕಾಫಿ ಕೊಯ್ಲಿಗೆ ಬಹಳ ಕಡೆ ಕೆಜಿ ಲೆಕ್ಕ. ಕೊಯ್ಲಿನಲ್ಲಿ ಒಂದು ದಿನ ತಪ್ಪಿದರೆ ನಷ್ಟ ದೊಡ್ಡದು. ಊರಿಗೆ ಹೋಗುವ ಮೊದಲೇ ಬರೆದಿಟ್ಟೆ: ಕೊಯ್ಲಿನ ಕಾಲದ ಸಭೆಗಳಲ್ಲಿ ಲೈನ್ ಮನೆಯವರ, ಅಂದರೆ ತೋಟದ ಸಾಲುಮನೆಗಳಲ್ಲಿರುವ ಕಾರ್ಮಿಕರ, ಹಾಜರಾತಿ ಬೀಳಬೇಕು, ಪೇಟೆಯ ಅಂಗಡಿಯವರದು ಬೀಳಬಾರದು. ಇಬ್ಬರದೂ ಒಂದೇ ಥರ ಬಿದ್ದರೆ ನನ್ನ ವಾದ ಬಿದ್ದಂತೆ.

ಸಿದ್ದಾಪುರದ ಕಡೆ ಹಾಜರಾತಿ ಪುಸ್ತಕಗಳ ಸಹಿ, ಹೆಬ್ಬೆಟ್ಟುಗಳನ್ನು ಎಣಿಸಿದೆ. ಕಾರ್ಮಿಕರ ಸಂಖ್ಯೆ ನಿಜಕ್ಕೂ ಬಿದ್ದಿತ್ತು. ಖುಷಿಯಾಯಿತು. ಆಮೇಲೆ ಹೆಸರುಗಳನ್ನು ಮನೆಗಳ ಜೊತೆ ಹೊಂದಿಸಲು ಲೈನಿಗೆ ಹೋದೆ. ಸಭೆಗೆ ಬಂದ ತಲೆ ಕಡಿಮೆಯಾಗಿದ್ದವು, ಆದರೆ ಯಾರನ್ನಾದರೂ ಕಳಿಸಿದ ಮನೆಗಳು ಹೆಚ್ಚುಕಡಿಮೆ ಅಷ್ಟೇ ಇದ್ದವು. ಒಬ್ಬರು ಅಕ್ಕ ಒಂದೇ ಮಾತಿನಲ್ಲಿ ಬಿಡಿಸಿದರು: "ಇಬ್ರೂ ಬಂದ್ರೆ ಚೀಲ ತುಂಬಲ್ಲ ಮೇಡಂ. ಮಾವನ್ನ ಕಳಿಸ್ತೀವಿ, ಅವರಿಗೆ ಈಗ ಕೊಯ್ಯೋಕಾಗಲ್ಲ."

ಸೂತ್ರದಲ್ಲಿ ನಿರ್ಧಾರ ಮಾಡುತ್ತಿದ್ದದ್ದು ಒಬ್ಬ ವ್ಯಕ್ತಿ, ಲೈನಿನಲ್ಲಿ ನಿರ್ಧಾರ ಮಾಡುತ್ತಿದ್ದದ್ದು ಮನೆ. ಸೂತ್ರವನ್ನು ಮನೆಯ ಲೆಕ್ಕಕ್ಕೆ ತಿರುಗಿಸಿ ಬರೆದಾಗ ಎರಡು ಹೊಸ ಊಹೆ ಹೊರಬಿದ್ದವು: ಕೊಯ್ಲಿನಲ್ಲಿ ಕಡಿಮೆ ಕೊಯ್ಯುವವರೇ ಬರಬೇಕು, ಕಳಿಸಲು ಯಾರೂ ಇಲ್ಲದ ಒಂಟಿ ಕಾರ್ಮಿಕರು ಕಾಣೆಯಾಗಬೇಕು. ಇವನ್ನು ಅದೇ ಪುಸ್ತಕಗಳಲ್ಲಿ ಪರೀಕ್ಷಿಸುವುದು ಮೋಸ, ಏಕೆಂದರೆ ಈ ಹೊಸ ಸೂತ್ರ ಹುಟ್ಟಿದ್ದೇ ಅಲ್ಲಿಂದ. ಸುಂಟಿಕೊಪ್ಪದ ಕಡೆ ಹೋಗಿ ಮತ್ತೆ ಮೊದಲಿನಿಂದ ಎಣಿಸಿದೆ.

ಎರಡನೆಯ ಊಹೆ ನಿಂತಿತು. ಮೊದಲನೆಯದು ಅರ್ಧಕ್ಕೆ ಮುರಿಯಿತು: ಚುರುಕಾಗಿ ಕೊಯ್ಯುವ ಹೆಂಗಸರೇ ಕೆಲವು ಸಭೆಗಳಿಗೆ ಬಂದಿದ್ದರು. ನಡವಳಿ ತೆಗೆದು ನೋಡಿದರೆ ಅವು ವಸತಿ ಫಲಾನುಭವಿಗಳ ಆಯ್ಕೆಯ ಸಭೆಗಳು. ಖರ್ಚಿನ ಹಿಂದೆಯೇ ಓಡಿದ ನಾನು ಲಾಭ ಎಲ್ಲ ಸಭೆಗೂ ಒಂದೇ ಎಂದು ಬಗೆದಿದ್ದೆ. ಈಗ ವಸತಿ ಸಭೆಗಳನ್ನು ಬೇರೆ ತೆಗೆದಿಟ್ಟು, ಹೊಸ ಊಹೆ ಬರೆದು, ಮೂರನೆಯ ಪಂಚಾಯಿತಿಯ ಪುಸ್ತಕಗಳಿಗೆ ಅರ್ಜಿ ಹಾಕಿದ್ದೇನೆ.