ಬೇಸಿಗೆಯಲ್ಲಿ ಸ್ಪೋರ್ಟ್ಸ್ ಕಾರಿನ ಎಂಜಿನ್ ಕವರ್ ಬಿಚ್ಚುವ ಬಗೆ

ಏಪ್ರಿಲ್ ತಿಂಗಳ ಮಧ್ಯಾಹ್ನ ವಿಜಯಪುರದಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಹೊಸ ಸುದ್ದಿಯೇನಲ್ಲ. ಅಂಥ ದಿನ ಹುಬ್ಬಳ್ಳಿಯಿಂದ ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಹೊರಟು, ಕೊಲ್ಹಾರದ ಸೇತುವೆ ದಾಟಿ ಬಂದು ಊರೊಳಗೆ ಕಾರು ನಿಲ್ಲಿಸಿದರೆ, ಬಾನೆಟ್ಟಿನ ಮೇಲೆ ಅಂಗೈ ಇಡಲಾಗದಷ್ಟು ಕಾವು ಇರುತ್ತದೆ. ಸ್ಪೋರ್ಟ್ಸ್ ಕಾರುಗಳಲ್ಲಿ ಈ ಕಾವು ಇನ್ನೂ ಹೆಚ್ಚು. ಅವುಗಳ ಮೂತಿ ತಗ್ಗು, ಎಂಜಿನ್ ಕೋಣೆ ಇಕ್ಕಟ್ಟು, ಅದರೊಳಗೆ ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ), ಅದರ ಕೊಳವೆಗಳು, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಸಂಪರ್ಕಗಳು ಎಲ್ಲವೂ ಒಂದಕ್ಕೊಂದು ಅಂಟಿಕೊಂಡಂತೆ ಕೂತಿರುತ್ತವೆ. ಹೀಗಾಗಿ ಎಂಜಿನ್ನಿನ ನೆತ್ತಿಯ ಮೇಲಿರುವ ಪ್ಲಾಸ್ಟಿಕ್ ಕವರನ್ನು ಬೇಸಿಗೆಯ ಮಟ್ಟಿಗೆ ತೆಗೆದಿಟ್ಟರೆ ಹೇಗೆ ಎಂಬ ಯೋಚನೆ ಮಾಲೀಕರಿಗೆ ಸಹಜವಾಗಿ ಬರುತ್ತದೆ. ತೆಗೆಯಬಹುದು. ಆದರೆ ಎಲ್ಲ ಕಾರುಗಳಲ್ಲೂ ತೆಗೆಯಬಾರದು. ತೆಗೆದರೆ ಸಿಗುವ ಲಾಭವೂ ಹೆಚ್ಚಿನವರು ಅಂದುಕೊಂಡ ಜಾಗದಲ್ಲಿ ಸಿಗುವುದಿಲ್ಲ.

ಕಾರು ಓಡುತ್ತಿರುವಾಗ ಮುಂದಿನ ಜಾಲರಿಯಿಂದ ನುಗ್ಗಿದ ಗಾಳಿ ರೇಡಿಯೇಟರನ್ನು ಹಾದು, ಎಂಜಿನ್ನಿನ ಸುತ್ತ ಹರಿದು, ಕೆಳಗಿನಿಂದ ಹೊರಬೀಳುತ್ತದೆ. ಈ ಹರಿವಿನ ಮುಂದೆ ಮೇಲಿನ ಕವರ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಎಂಜಿನ್ನನ್ನು ತಣಿಸುವ ದ್ರವವಾದ ಕೂಲಂಟಿನ ಉಷ್ಣಾಂಶವನ್ನು ನಿರ್ಧರಿಸುವುದು ಥರ್ಮೋಸ್ಟಾಟ್, ರೇಡಿಯೇಟರ್ ಮತ್ತು ಫ್ಯಾನ್. ಪ್ಲಾಸ್ಟಿಕ್ ತಗಡಿಗೆ ಅದರಲ್ಲಿ ಪಾತ್ರವಿಲ್ಲ. ಕಾರು ನಿಂತ ಮೇಲೆ ಮಾತ್ರ ಕಥೆ ಬದಲಾಗುತ್ತದೆ. ಎಂಜಿನ್ ಆರಿಸಿದ ಕ್ಷಣಕ್ಕೆ ಗಾಳಿಯ ಹರಿವು ನಿಲ್ಲುತ್ತದೆ, ನೀರಿನ ಪಂಪೂ ನಿಲ್ಲುತ್ತದೆ, ಆದರೆ ಸಿಲಿಂಡರ್ ಹೆಡ್, ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಹೊಗೆಯನ್ನು ಹೊರಸಾಗಿಸುವ ಕೊಳವೆ), ಟರ್ಬೊಗಳ ಲೋಹದಲ್ಲಿ ಕೂಡಿದ್ದ ಶಾಖ ಎಲ್ಲಿಗೂ ಹೋಗಿರುವುದಿಲ್ಲ. ಅದು ನಿಧಾನವಾಗಿ ಮೇಲೇರುತ್ತದೆ. ಮೊದಲ ಹತ್ತು ಹದಿನೈದು ನಿಮಿಷ ಬಾನೆಟ್ಟಿನ ಕೆಳಗಿನ ಭಾಗಗಳು ಓಡುವಾಗ ಇದ್ದದ್ದಕ್ಕಿಂತ ಹೆಚ್ಚು ಬಿಸಿಯಾಗುವುದು ಇದೇ ಕಾರಣಕ್ಕೆ. ಆಗ ಆ ಕವರ್, ಅದರಲ್ಲೂ ಒಳಮೈಗೆ ದಪ್ಪ ಫೋಮ್ ಅಂಟಿಸಿದ ಕವರ್, ಇಗ್ನಿಷನ್ ಕಾಯಿಲ್ (ಸ್ಪಾರ್ಕ್ ಪ್ಲಗ್ಗಿಗೆ ವಿದ್ಯುತ್ ಕೊಡುವ ಭಾಗ), ವೈರಿನ ಕನೆಕ್ಟರ್, ರಬ್ಬರ್ ಕೊಳವೆಗಳ ಮೇಲೆ ಕಂಬಳಿ ಹೊದಿಸಿದಂತೆ ಕೂತಿರುತ್ತದೆ. ಆ ಕಂಬಳಿ ತೆಗೆದರೆ ಈ ಭಾಗಗಳು ಬೇಗ ತಣಿಯುತ್ತವೆ. ಲಾಭ ಅಷ್ಟೇ. ವರ್ಷ ವರ್ಷವೂ ಬಿಸಿಲಿನಲ್ಲಿ ಬೆಂದು ಗಡಸಾಗುವ ಪ್ಲಾಸ್ಟಿಕ್ ಕನೆಕ್ಟರುಗಳ ಆಯಸ್ಸಿನ ದೃಷ್ಟಿಯಿಂದ ಅದು ಸಣ್ಣ ಲಾಭವೇನಲ್ಲ, ಆದರೆ ಇದರಿಂದ ಕಾರಿನ ಬಲ ಹೆಚ್ಚುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ.

ಬಲದ ಮಾತು ಬಂದದ್ದರಿಂದ ಒಂದು ಲೆಕ್ಕ. ಎಂಜಿನ್ ಸೇವಿಸುವ ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ. 42 ಡಿಗ್ರಿಯ ಗಾಳಿ 60 ಡಿಗ್ರಿಗೆ ಏರಿದರೆ, ಒತ್ತಡ ಅಷ್ಟೇ ಇದ್ದಲ್ಲಿ, ಅದರ ಸಾಂದ್ರತೆ ಶೇಕಡಾ 5ರಷ್ಟು ಇಳಿಯುತ್ತದೆ. ಅಷ್ಟರ ಮಟ್ಟಿಗೆ ಬಲವೂ ಕುಗ್ಗುತ್ತದೆ. ಆದರೆ ಬಹುತೇಕ ಕಾರುಗಳಲ್ಲಿ ಸೇವನೆಯ ಗಾಳಿ ಬರುವುದು ಜಾಲರಿಯ ಹಿಂದಿನ ಕೊಳವೆಯಿಂದ, ಕವರಿನ ಕೆಳಗಿನಿಂದಲ್ಲ. ನಿಂತು ಮತ್ತೆ ಹೊರಟ ಮೊದಲ ಕೆಲವು ನಿಮಿಷ ಮಾತ್ರ ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ, ಕಾದ ಇನ್ಟೇಕ್ ಮ್ಯಾನಿಫೋಲ್ಡಿನ ಪರಿಣಾಮ ಇರುತ್ತದೆ. ಆಮೇಲೆ ಅದೂ ಕರಗಿಹೋಗುತ್ತದೆ.

ಮೊದಲು ಮಾಡಬೇಕಾದ ಕೆಲಸ, ನಿಮ್ಮ ಕಾರಿನ ಕವರ್ ಯಾವ ಜಾತಿಯದೆಂದು ತಿಳಿಯುವುದು. ಎಂಜಿನ್ ಮುಂದಿದ್ದು, ಅದರ ಮೇಲೆ ಬರೀ ಅಂದಕ್ಕೂ ಸದ್ದು ತಗ್ಗಿಸುವುದಕ್ಕೂ ಹೊದಿಸಿದ ಪ್ಲಾಸ್ಟಿಕ್ ಕವರ್ ಇದ್ದರೆ ಅಡ್ಡಿಯಿಲ್ಲ. ಕೆಲವು ಎಂಜಿನ್‌ಗಳಲ್ಲಿ ಕವರೇ ಏರ್ ಫಿಲ್ಟರಿನ ಪೆಟ್ಟಿಗೆಯಾಗಿರುತ್ತದೆ. ಐದನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಕಾರಿನ 2 ಲೀಟರ್ ಟರ್ಬೊ ಎಂಜಿನ್ ಇದಕ್ಕೆ ಹೆಸರಾಂತ ಉದಾಹರಣೆ. ಇಂಥದ್ದನ್ನು ತೆಗೆದು ಓಡಿಸಿದರೆ ನಮ್ಮ ಕಡೆಯ ಎರೆಮಣ್ಣಿನ ಧೂಳು ನೇರವಾಗಿ ಟರ್ಬೊದ ಬಾಯಿಗೆ ಹೋಗುತ್ತದೆ. ಪೋರ್ಷೆ ಕೇಮನ್‌ನಂತೆ ಎಂಜಿನ್ ಆಸನಗಳ ಹಿಂದೆ ಇರುವ ಕಾರುಗಳಲ್ಲಿ, ಹಿಂಬದಿಯ ಕಾರ್ಪೆಟ್ಟಿನಡಿ ಇರುವ ಮುಚ್ಚಳ ಎಂಜಿನ್ ಕೋಣೆಗೂ ನೀವು ಕೂರುವ ಜಾಗಕ್ಕೂ ನಡುವಿನ ಗೋಡೆ. ಅದನ್ನು ತೆಗೆದು ಒಂದು ಕಿಲೋಮೀಟರನ್ನೂ ಓಡಿಸಬಾರದು. ಬಿಸಿ, ಸದ್ದು, ಹೊಗೆ ಮೂರೂ ಒಳಗೆ ಬರುತ್ತವೆ, ಬೆಂಕಿ ಹತ್ತಿದರೆ ತಡೆಯುವುದಕ್ಕೂ ಏನೂ ಉಳಿದಿರುವುದಿಲ್ಲ. ಇನ್ನು ಟರ್ಬೊ ಮತ್ತು ಎಕ್ಸಾಸ್ಟಿನ ಮೇಲಿನ ತಗಡಿನ ಶಾಖತಡೆಯನ್ನೂ, ಟೈಮಿಂಗ್ ಬೆಲ್ಟಿನ ಕವರನ್ನೂ ಯಾವ ಕಾರಣಕ್ಕೂ ಮುಟ್ಟಬಾರದು.

ಎಂಜಿನ್ನಿನ ತಳದಲ್ಲಿರುವ ಪ್ಲಾಸ್ಟಿಕ್ ತಟ್ಟೆಯ ವಿಷಯದಲ್ಲಿ ನಾನೇ ಮೋಸಹೋಗಿದ್ದೇನೆ. ಬಾಗಲಕೋಟೆ ದಾರಿಯ ಒಂದು ಗ್ಯಾರೇಜಿನಲ್ಲಿ ಮಿಸ್ತ್ರಿಯೊಬ್ಬರು, ಮೇಲಿನದನ್ನು ತೆಗೆದಿದ್ದೀರಲ್ಲ, ಕೆಳಗಿನದನ್ನೂ ತೆಗೆಯಿರಿ, ಗಾಳಿ ಚೆನ್ನಾಗಿ ಆಡುತ್ತದೆ ಎಂದರು. ತರ್ಕ ಸರಿಯೆನಿಸಿತು, ತೆಗೆಸಿದೆ. ಹೆದ್ದಾರಿಯಲ್ಲಿ ವೇಗ ಏರಿದಂತೆ ಕೂಲಂಟಿನ ಕಾವು ತೋರಿಸುವ ಮುಳ್ಳು ಎಂದೂ ಹೋಗದ ಕಡೆ ಸರಿಯಿತು. ಆ ತಟ್ಟೆ ಇದ್ದಾಗ ಕಾರಿನಡಿ ಹರಿಯುವ ಗಾಳಿ ಎಂಜಿನ್ ಕೋಣೆಯ ಬಿಸಿಗಾಳಿಯನ್ನು ಹಿಂದಿನಿಂದ ಸೆಳೆಯುತ್ತದೆ. ಇಲ್ಲದಿದ್ದರೆ ಕೆಳಗಿನಿಂದಲೇ ಗಾಳಿ ನುಗ್ಗಿ ಕೋಣೆಯೊಳಗಿನ ಒತ್ತಡ ಹೆಚ್ಚುತ್ತದೆ, ರೇಡಿಯೇಟರನ್ನು ಹಾದುಬರಬೇಕಾದ ಗಾಳಿಗೆ ದಾರಿ ಸಿಗುವುದಿಲ್ಲ. ಮರುದಿನವೇ ಅದನ್ನು ಮತ್ತೆ ಹಾಕಿಸಿದೆ.

ಕವರಿಗೆ ಕೈ ಹಚ್ಚುವ ಮೊದಲು ಕಾರು ನಿಜವಾಗಿ ಅತಿಯಾಗಿ ಕಾಯುತ್ತಿದೆಯೇ ಎಂಬುದನ್ನೂ ನೋಡಬೇಕು. ಮುಳ್ಳು ಕೆಂಪಿನ ಕಡೆ ಹೋಗುತ್ತಿದ್ದರೆ ಅದು ಕಾಯಿಲೆಯ ಲಕ್ಷಣ, ಅದಕ್ಕೆ ಕವರ್ ಬಿಚ್ಚುವುದು ಮದ್ದಲ್ಲ. ಕೂಲಂಟಿನ ಮಟ್ಟ ಎಂಜಿನ್ ತಣ್ಣಗಿರುವಾಗ ಅದರ ಡಬ್ಬಿಯ ಮೇಲಿನ ಎರಡು ಗೆರೆಗಳ ನಡುವೆ ಇರಬೇಕು. ನಮ್ಮ ಭಾಗದಲ್ಲಿ ಅನೇಕರು ಮಟ್ಟ ಇಳಿದಾಗ ಬೋರಿನ ನೀರನ್ನೇ ಸುರಿದುಬಿಡುತ್ತಾರೆ. ಆ ಸವಳು ನೀರು ಕುದಿಯುವ ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟುವಂತೆಯೇ ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಕಟ್ಟುತ್ತದೆ. ಶುದ್ಧೀಕರಿಸಿದ ಡಿಸ್ಟಿಲ್ಡ್ ನೀರು ಮತ್ತು ನೀರು ಬೆರೆಸದ ಕೂಲಂಟನ್ನು ಸಮಪಾಲಿನಲ್ಲಿ ಬೆರೆಸಿ ಹಾಕುವುದೇ ಸರಿ. ಬರೀ ನೀರು ಬೆಳಗಾವಿಯಂಥ ಎತ್ತರದ ಊರಿನಲ್ಲಿ, ಅಂದರೆ ಸುಮಾರು 750 ಮೀಟರಿನಲ್ಲಿ, ತೆರೆದ ಪಾತ್ರೆಯಲ್ಲಿ 98 ಡಿಗ್ರಿಗೂ ಮೊದಲೇ ಕುದಿಯುತ್ತದೆ. ಸಮಪಾಲಿನ ಮಿಶ್ರಣ ಮುಚ್ಚಳದ ಒತ್ತಡವೂ ಸೇರಿ 120 ಡಿಗ್ರಿ ದಾಟಿದರೂ ಕುದಿಯದೆ ನಿಲ್ಲುತ್ತದೆ. ರೇಡಿಯೇಟರಿನ ರೆಕ್ಕೆಗಳ ನಡುವೆ ಧೂಳು, ಹುಳು, ಕಬ್ಬಿನ ರವದಿಯ ಚೂರು ಸಿಕ್ಕಿಕೊಂಡಿದ್ದರೆ ಮೃದುವಾದ ಬ್ರಷ್ಷಿನಿಂದ ತೆಗೆಯಬೇಕು. ಮುಧೋಳ, ಜಮಖಂಡಿ ಕಡೆ ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಹಿಂದೆ, ಅದರ ಧ್ವನಿವರ್ಧಕದ ಹಾಡು ಕೇಳುತ್ತ ಹತ್ತು ಕಿಲೋಮೀಟರ್ ತೆವಳಿದವರಿಗೆ, ಫ್ಯಾನ್ ಸರಿಯಿದೆಯೋ ಇಲ್ಲವೋ ಎಂಬುದು ತಾನಾಗಿಯೇ ಗೊತ್ತಾಗಿರುತ್ತದೆ.

ಕವರ್ ತೆಗೆಯಲು ಬೆಳಗಿನ ಜಾವವೇ ಒಳ್ಳೆಯದು. ರಾತ್ರಿಯಿಡೀ ನಿಂತ ಕಾರು ಪೂರ್ತಿ ತಣಿದಿರುತ್ತದೆ. ಹಾಗಾಗದಿದ್ದರೆ ಓಡಿಸಿದ ಮೇಲೆ ಕನಿಷ್ಠ ಒಂದೆರಡು ಗಂಟೆಯಾದರೂ ಬಿಡಬೇಕು. ಕೀಲಿಯನ್ನು ಕಾರಿನಿಂದ ದೂರ ಇಡಬೇಕು. ಕಾವಿದ್ದರೆ ಎಂಜಿನ್ ಆರಿದ ಮೇಲೂ ಫ್ಯಾನ್ ತಾನಾಗಿ ತಿರುಗತೊಡಗುತ್ತದೆ, ಬೆರಳು ಅಲ್ಲಿರಬಾರದು. ಬಾನೆಟ್ ಎತ್ತಿ, ಕವರ್ ಇದ್ದ ಸ್ಥಿತಿಯಲ್ಲೇ ನಾಲ್ಕು ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಬೇಕು. ಯಾವ ವೈರು ಯಾವ ಕ್ಲಿಪ್ಪಿನಲ್ಲಿತ್ತು ಎಂಬುದು ಎರಡು ತಿಂಗಳ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಕವರ್ ಕೂತಿರುವುದು ಎರಡು ಬಗೆಯಲ್ಲಿ. ಒಂದು, ಬೋಲ್ಟು ಅಥವಾ ಸ್ಕ್ರೂ ಹಾಕಿದ್ದು. ಇದಕ್ಕೆ 10ರ ಪಾನಾ, ಅಥವಾ ನಕ್ಷತ್ರದ ಆಕಾರದ ಟಾರ್ಕ್ಸ್ ಬಿಟ್, ಅಥವಾ ಆಲನ್ ಕೀಲಿ ಬೇಕಾಗುತ್ತದೆ. ಅಳತೆ ಸರಿಹೊಂದದ ಬಿಟ್ ಹಾಕಿ ಒತ್ತಿದರೆ ತಲೆ ಸವೆದು ಆ ಬೋಲ್ಟು ಅಲ್ಲೇ ಉಳಿಯುತ್ತದೆ. ಬಿಚ್ಚಿದ ಬೋಲ್ಟುಗಳ ಜೊತೆ ಲೋಹದ ಸಣ್ಣ ಬಳೆ, ರಬ್ಬರ್ ವಾಷರ್ ಇರುತ್ತವೆ. ಅವನ್ನೂ ಎಣಿಸಿ ಒಂದು ಡಬ್ಬಿಗೆ ಹಾಕಬೇಕು, ಎಣಿಕೆ ತಪ್ಪಿದರೆ ಅದು ಬೆಲ್ಟಿನ ಸಂದಿಯಲ್ಲಿ ಬಿದ್ದಿಲ್ಲವೆಂದು ಖಾತ್ರಿಯಾಗುವವರೆಗೆ ಎಂಜಿನ್ ಶುರುಮಾಡಬಾರದು. ಎರಡನೆಯದು, ಗುಂಡುತಲೆಯ ಕಡ್ಡಿಗಳ ಮೇಲೆ ರಬ್ಬರ್ ಬುಷ್ಷಿನಿಂದ ಒತ್ತಿ ಕೂರಿಸಿದ್ದು. ಇದನ್ನು ಎರಡೂ ಕೈಯ ಬೆರಳುಗಳನ್ನು ಕಡ್ಡಿ ಇರುವ ಮೂಲೆಯ ಹತ್ತಿರಕ್ಕೆ ಹಾಕಿ, ನೆಟ್ಟಗೆ ಮೇಲಕ್ಕೆ, ಒಂದು ಮೂಲೆಯಾದ ಮೇಲೆ ಇನ್ನೊಂದರಂತೆ ಎತ್ತಬೇಕು. ಹಳೆಯ ಕಾರುಗಳಲ್ಲಿ ಬುಷ್ ಕಾವಿಗೆ ಗಟ್ಟಿಯಾಗಿ ಕಡ್ಡಿಗೆ ಹಿಡಿದುಬಿಟ್ಟಿರುತ್ತದೆ. ಮೊದಲ ಸಲ ನಾನು ಅವಸರಪಟ್ಟು ಸ್ಕ್ರೂಡ್ರೈವರ್ ತೂರಿಸಿ ಮೀಟಿದೆ. ಬುಷ್ ಹರಿಯಿತು, ಕವರಿನ ಕಿವಿಯೂ ಸೀಳಿತು, ಆ ಮೂಲೆ ಇಂದಿಗೂ ಕಟಕಟ ಸದ್ದು ಮಾಡುತ್ತದೆ. ಬಿಗಿಯಿದ್ದರೆ ಬುಷ್ಷಿನ ಸುತ್ತ ಸಿಲಿಕೋನ್ ಸ್ಪ್ರೇ ಸ್ವಲ್ಪ ಹೊಡೆದು ಐದು ನಿಮಿಷ ಕಾಯುವುದು ಲೇಸು. ಗ್ರೀಸು, ಎಂಜಿನ್ ಎಣ್ಣೆ ಬಳಸಬಾರದು, ಅವು ರಬ್ಬರನ್ನು ಉಬ್ಬಿಸಿ ಕೆಡಿಸುತ್ತವೆ.

ಕೆಲವು ಕಾರುಗಳಲ್ಲಿ ಎಣ್ಣೆ ಸುರಿಯುವ ಮುಚ್ಚಳ ಕವರಿನ ರಂಧ್ರದ ಮೂಲಕ ಮೇಲೆ ಬಂದಿರುತ್ತದೆ. ಅದನ್ನು ತಿರುಗಿಸಿ ತೆಗೆದ ಕೂಡಲೇ ಆ ಬಾಯಿಗೆ ಸ್ವಚ್ಛ ಬಟ್ಟೆ ಮುಚ್ಚಿ, ಕವರ್ ಹೊರಬಂದ ತಕ್ಷಣ ಮುಚ್ಚಳವನ್ನು ಮರಳಿ ಹಾಕಬೇಕು. ಕವರ್ ಎತ್ತುವಾಗ ಅರ್ಧದಲ್ಲಿ ತಡೆದಂತಾದರೆ ಎಳೆಯದೆ ಬಗ್ಗಿ ನೋಡಬೇಕು. ಯಾವುದೋ ಸಣ್ಣ ವ್ಯಾಕ್ಯೂಮ್ ಕೊಳವೆಯನ್ನೋ ವೈರನ್ನೋ ಅದರ ಒಳಮೈಗೆ ಸಿಕ್ಕಿಸಿರುತ್ತಾರೆ.

ಕವರ್ ಹೊರಬಂದ ಮೇಲೆ ಕಾಣುವ ದೃಶ್ಯ ಪ್ರತಿಸಲವೂ ಕುತೂಹಲದ್ದು. ಒಣಗಿದ ಬೇವಿನ ಎಲೆ, ಧೂಳಿನ ಪದರ, ಕೆಲವೊಮ್ಮೆ ಇಲಿ ಫೋಮನ್ನು ಕಚ್ಚಿ ಮಾಡಿಕೊಂಡ ಗೂಡು. ಇವನ್ನು ಒಣ ಬ್ರಷ್ಷಿನಿಂದಲೋ ವ್ಯಾಕ್ಯೂಮ್ ಕ್ಲೀನರಿನಿಂದಲೋ ತೆಗೆಯಬೇಕು, ನೀರು ಹೊಡೆಯಬಾರದು. ವೈರುಗಳ ಮೇಲೆ ಹಲ್ಲಿನ ಗುರುತಿದೆಯೇ, ವಾಲ್ವ್ ಕವರಿನ (ಸಿಲಿಂಡರ್ ಹೆಡ್ಡಿನ ಮೇಲಿನ ಮುಚ್ಚಳ) ಅಂಚಿನಲ್ಲಿ ಎಣ್ಣೆ ಜಿನುಗಿದೆಯೇ ಎಂದು ನೋಡಬೇಕು. ಫೋಮ್ ಎಣ್ಣೆ ಕುಡಿದು ಒದ್ದೆಯಾಗಿದ್ದರೆ ಅದು ಬೆಂಕಿಗೆ ಬತ್ತಿ ಇದ್ದಂತೆ. ಸೋರಿಕೆ ಸರಿಪಡಿಸಿ ಫೋಮ್ ಬದಲಿಸುವವರೆಗೆ ಆ ಕವರನ್ನು ಮರಳಿ ಹಾಕಲೇಬಾರದು. ಕವರಿನ ಹಿಡಿತದಿಂದ ಬಿಡಿಸಿಕೊಂಡ ವೈರನ್ನು ಶಾಖ ತಾಳುವ ಪಟ್ಟಿಯಿಂದ ಎಕ್ಸಾಸ್ಟಿನಿಂದ ದೂರಕ್ಕೆ ಕಟ್ಟಬೇಕು. ಆಮೇಲೆ ಎಂಜಿನ್ ಶುರುಮಾಡಿದರೆ ಟಿಕ್ ಟಿಕ್ ಎಂಬ ಸದ್ದು ಜೋರಾಗಿ ಕೇಳುತ್ತದೆ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೆ ಸಿಂಪಡಿಸುವ ಎಂಜಿನ್‌ಗಳಲ್ಲಿ ಇಂಜೆಕ್ಟರಿನ ಸಹಜ ಸದ್ದೇ ಅದು; ಇಷ್ಟು ದಿನ ಫೋಮ್ ಅದನ್ನು ನುಂಗಿಕೊಳ್ಳುತ್ತಿತ್ತು. ಪೆಟ್ರೋಲಿನ ವಾಸನೆ ಬಂದರೆ ಮಾತ್ರ ಕೂಡಲೇ ಆರಿಸಬೇಕು. ಆ ಪೈಪುಗಳಲ್ಲಿ ಒತ್ತಡ 100 ಬಾರ್‌ಗಿಂತ ಹೆಚ್ಚಿರುತ್ತದೆ, ಅವುಗಳ ನಟ್ಟನ್ನು ಮನೆಯಲ್ಲಿ ಬಿಗಿಮಾಡುವ ಸಾಹಸ ಬೇಡ.

ವ್ಯತ್ಯಾಸವಾಯಿತೇ ಎಂಬುದನ್ನು ಅಂದಾಜಿಗೆ ಬಿಡದೆ ಅಳೆಯಬಹುದು. ಸ್ಟೇರಿಂಗಿನ ಕೆಳಗಿನ ಓಬಿಡಿ (ಕಾರಿನ ಕಂಪ್ಯೂಟರಿನ ಮಾಹಿತಿ ಓದುವ) ಸಾಕೆಟ್ಟಿಗೆ ಸಿಕ್ಕಿಸುವ ಬ್ಲೂಟೂತ್ ಅಡಾಪ್ಟರ್ ಕೂಲಂಟಿನ ಮತ್ತು ಸೇವನೆಯ ಗಾಳಿಯ ಉಷ್ಣಾಂಶವನ್ನು ಫೋನಿಗೆ ಕಳಿಸುತ್ತದೆ. ಕಾಯಿಲಿನ ಕಾವಿಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಬೇಕು. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಕಡಿಮೆ ತೋರಿಸುವುದರಿಂದ ಅಳೆಯುವ ಜಾಗದಲ್ಲಿ ಪೇಂಟರುಗಳ ಕಾಗದದ ಟೇಪಿನ ತುಂಡು ಅಂಟಿಸಬೇಕು. ಒಂದೇ ದಾರಿ, ಒಂದೇ ಹೊತ್ತು, ಕವರ್ ಇದ್ದು ಒಮ್ಮೆ, ಇಲ್ಲದೆ ಒಮ್ಮೆ ಓಡಿಸಿ, ನಿಲ್ಲಿಸಿದ ಮೇಲೆ ಐದು, ಹದಿನೈದು, ಮೂವತ್ತನೆಯ ನಿಮಿಷಕ್ಕೆ ಬರೆದಿಟ್ಟುಕೊಳ್ಳಬೇಕು. ನನ್ನ ಕಾರಿನಲ್ಲಿ ಓಡುವಾಗಿನ ಅಂಕಿಗಳು ಕದಲಲಿಲ್ಲ. ನಿಂತ ಮೇಲೆ ಕಾಯಿಲುಗಳು ಬೇಗ ತಣಿದವು. ಆದರೆ ಮನೆಗೆ ಬಂದ ಕೂಡಲೇ ನೆರಳಲ್ಲಿ ನಿಲ್ಲಿಸಿ ಕಾಲು ಗಂಟೆ ಬಾನೆಟ್ ಎತ್ತಿಟ್ಟಾಗ ಸಿಕ್ಕ ಫಲ ಇದಕ್ಕಿಂತ ಹೆಚ್ಚಿನದು ಎಂಬುದನ್ನೂ ಒಪ್ಪಿಕೊಳ್ಳಬೇಕು. ಕೊನೆಯ ಎರಡು ಕಿಲೋಮೀಟರ್ ನಿಧಾನವಾಗಿ ಬಂದರೆ ಟರ್ಬೊದ ಕಾವು ದಾರಿಯಲ್ಲೇ ಇಳಿದಿರುತ್ತದೆ. ಬೆಳಗಾವಿಯವರಿಗೆ ಇವೆರಡೇ ಸಾಕು, ಅಲ್ಲಿನ ಹವೆಗೆ ಕವರ್ ಬಿಚ್ಚುವ ಅಗತ್ಯ ನನಗಂತೂ ಕಾಣುವುದಿಲ್ಲ. ವಿಜಯಪುರ, ಬಾಗಲಕೋಟೆಗಳಲ್ಲಿ ಮಾರ್ಚಿನಿಂದ ಮೇ ತನಕ ಬಿಚ್ಚಿಡುವುದಕ್ಕೆ ಅರ್ಥವಿದೆ.

ಕವರ್ ಇಲ್ಲದ ದಿನಗಳಲ್ಲಿ ವಾಷಿಂಗ್ ಸೆಂಟರಿನವರಿಗೆ ಬಾನೆಟ್ ತೆರೆಯದಂತೆ ಮೊದಲೇ ಹೇಳಬೇಕು. ಒತ್ತಡದ ನೀರು ಕಾಯಿಲಿನ ಅಂಚಿನಿಂದ ಸ್ಪಾರ್ಕ್ ಪ್ಲಗ್ಗಿನ ಬಾವಿಗೆ ಇಳಿದರೆ ಎಂಜಿನ್ ಒಂದು ಸಿಲಿಂಡರ್ ಬಿಟ್ಟು ಓಡುತ್ತದೆ. ಬಿಚ್ಚಿದ ಕವರನ್ನು ಮಾಳಿಗೆಯ ಬಿಸಿಲಿಗೆ ಇಡದೆ, ದಪ್ಪ ಚೀಲದಲ್ಲಿ ಕಟ್ಟಿ ಇಲಿ ತಲುಪದ ಕಪಾಟಿನಲ್ಲಿ ಇಡಬೇಕು. ಕಳೆದುಹೋದ ಲೋಹದ ಬಳೆ, ಮುರಿದ ಗುಂಡುತಲೆಯ ಕಡ್ಡಿಗಳನ್ನು ಹಳೆಯದರ ಮಾದರಿ ಕೊಟ್ಟರೆ ಬೆಳಗಾವಿಯ ಉದ್ಯಮಬಾಗದ ಲೇತ್ ಅಂಗಡಿಗಳಲ್ಲಿ ತಯಾರಿಸಿಕೊಳ್ಳಬಹುದು. ರಬ್ಬರ್ ಬುಷ್ ಮಾತ್ರ ಕಂಪನಿಯದನ್ನೇ ಕೊಳ್ಳುವುದು ವಾಸಿ.

ಮೇ ತಿಂಗಳ ಕೊನೆಯಲ್ಲಿ ರೋಹಿಣಿ ಮಳೆ ಕೂಡುವ ಮೊದಲೇ ಕವರ್ ಮರಳಿ ಕೂರಬೇಕು, ಏಕೆಂದರೆ ಮಳೆಯ ಜೊತೆ ಬಾನೆಟ್ಟಿನ ಸಂದಿಯಿಂದ ನೀರೂ ಇಳಿಯುತ್ತದೆ, ಬೆಚ್ಚನೆಯ ಜಾಗ ಹುಡುಕುವ ಇಲಿಗಳೂ ಬರುತ್ತವೆ. ಬುಷ್ಷಿಗೆ ಸಿಲಿಕೋನ್ ಹಚ್ಚಿ, ಹಿಂದಿನ ಎರಡು ಮೂಲೆಗಳನ್ನು ಮೊದಲು ಒತ್ತಿ, ನಂತರ ಮುಂದಿನವನ್ನು ಅಂಗೈಯಿಂದ ಒತ್ತಬೇಕು. ಪ್ರತಿ ಮೂಲೆಯೂ ಟಪ್ಪೆಂದು ಕೂತ ಸದ್ದು ಕೇಳಬೇಕು. ಬೋಲ್ಟಿನದಾದರೆ ಕೈಯಿಂದ ತಿರುಗಿಸಿ, ಪಾನಾದಲ್ಲಿ ಕಾಲು ಸುತ್ತು ಬಿಗಿಮಾಡಿದರೆ ಆಯಿತು. ಬಾನೆಟ್ ಹಾಕುವ ಮುನ್ನ ಹಳೆಯ ಫೋಟೊ ತೆಗೆದು ವೈರು, ಕೊಳವೆ, ಎಣ್ಣೆ ಮುಚ್ಚಳ, ಡಿಪ್‌ಸ್ಟಿಕ್ ಎಲ್ಲವೂ ಸ್ವಸ್ಥಾನದಲ್ಲಿವೆಯೇ ಎಂದು ಒಂದೊಂದಾಗಿ ಹೋಲಿಸಿ ನೋಡಬೇಕು.