ಮಳೆಗಾಲದ ಹುಳುಕಡ್ಡಿಗೆ ನಾನು ಬರೆದುಕೊಡುವ ಮುಲಾಮುಗಳು

ಮಳೆ ಹಿಡಿದ ಮೇಲೆ ಕೊಡಗಿನಲ್ಲಿ ನನ್ನಂಥ ಚರ್ಮವೈದ್ಯನ ಬಳಿಗೆ ಬರುವವರ ದೂರು ಹೆಚ್ಚಾಗಿ ಎರಡೇ ಬಗೆಯದು: ಸೊಂಟದ ಸುತ್ತ ಇಲ್ಲವೇ ತೊಡೆಸಂದಿನಲ್ಲಿ ಹಬ್ಬಿದ ಹುಳುಕಡ್ಡಿ (ಉಂಗುರದಂತೆ ಹರಡುವ ಶಿಲೀಂಧ್ರದ ಸೋಂಕು), ಮತ್ತು ಗಂಬೂಟಿನೊಳಗೆ ನೆನೆದು ಬಿಳಿಚಿ ಬಿರಿದ ಕಾಲ್ಬೆರಳ ಸಂದು. ಎರಡಕ್ಕೂ ನಾನು ಒಂದೇ ಟ್ಯೂಬನ್ನು ಬರೆಯುವುದಿಲ್ಲ.

ಮೊದಲು ಮಚ್ಚೆಯ ಅಂಚಿನ ಹೊಟ್ಟನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇನೆ. ಕವಲೊಡೆದ ಉದ್ದನೆಯ ಎಳೆಗಳಿದ್ದರೆ ಅದು ಹುಳುಕಡ್ಡಿ. ಮೊಗ್ಗೊಡೆಯುವ ದುಂಡು ಕೋಶಗಳಿದ್ದರೆ ಕ್ಯಾಂಡಿಡಾ ಎಂಬ ಇನ್ನೊಂದು ಬಗೆಯ ಶಿಲೀಂಧ್ರ. ಬೆರಳ ಸಂದಿನಲ್ಲಿ ಕ್ಯಾಂಡಿಡಾ ಕಂಡರೆ ಶೇಕಡಾ 1ರ ಕ್ಲೋಟ್ರಿಮಝೋಲ್ ಅಥವಾ ಸೈಕ್ಲೋಪಿರಾಕ್ಸ್ ಕೊಡುತ್ತೇನೆ, ಏಕೆಂದರೆ ಹುಳುಕಡ್ಡಿಗೆ ಬಳಸುವ ಟರ್ಬಿನಾಫಿನ್ ಅದರ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ.

ಹುಳುಕಡ್ಡಿಗಾದರೆ ಹಿಂದೆ ಟರ್ಬಿನಾಫಿನ್‌ಗೇ ನನ್ನ ಮೊದಲ ಮಣೆ. ಕ್ಲೋಟ್ರಿಮಝೋಲ್‌ನಂಥ ಅಝೋಲ್ ಗುಂಪಿನ ಔಷಧಗಳು ಶಿಲೀಂಧ್ರದ ಬೆಳವಣಿಗೆಯನ್ನು ತಡೆಯುತ್ತವೆ, ಇದು ಅದನ್ನು ಕೊಲ್ಲುತ್ತದೆ ಎಂಬುದೇ ಕಾರಣ. ಆದರೆ ಭಾರತದಲ್ಲಿ ಈಗ ಹರಡಿರುವ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂಬ ಪ್ರಭೇದದಲ್ಲಿ, ಈ ಔಷಧ ಗುರಿಯಿಡುವ ಕಿಣ್ವವೇ ಬದಲಾಗಿ ಅನೇಕರಿಗೆ ಅದು ನಾಟುತ್ತಿಲ್ಲ. ಹಾಗಾಗಿ ಅಝೋಲ್ ಗುಂಪಿನದೇ ಆದ, ದಿನಕ್ಕೊಮ್ಮೆ ಹಚ್ಚುವ ಲುಲಿಕೊನಝೋಲ್‌ಗೆ ಬಂದಿದ್ದೇನೆ. ಕ್ಲೋಟ್ರಿಮಝೋಲ್ ಅಗ್ಗವಾದರೂ ದಿನಕ್ಕೆ ಎರಡು ಬಾರಿ ಹಚ್ಚಬೇಕು. ಬೆಳಗಾಗುತ್ತಲೇ ತೋಟಕ್ಕೆ ಹೊರಡುವವರಿಗೆ ರಾತ್ರಿ ಒಮ್ಮೆ ಹಚ್ಚುವುದೇ ಸಾಧ್ಯವಾಗುವ ಮಾತು. ಅಮೆರಿಕದಲ್ಲಿ 2013ರಲ್ಲಿ ಲುಲಿಕೊನಝೋಲ್‌ಗೆ ಒಪ್ಪಿಗೆ ಸಿಕ್ಕಾಗ ಮೈಮೇಲಿನ ಹುಳುಕಡ್ಡಿಗೆ ಹೇಳಿದ್ದು ಒಂದೇ ವಾರ. ನಮ್ಮ ಒದ್ದೆ ಹವೆಯಲ್ಲಿ ನಾನು ಅದನ್ನು ನಂಬಿ ನಿಲ್ಲಿಸುವುದಿಲ್ಲ. ಮಚ್ಚೆ ಮಾಯವಾದ ಮೇಲೂ ಎರಡು ವಾರ, ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಯವರೆಗೂ ಹಚ್ಚಿಸುತ್ತೇನೆ.

ನನಗೆ ನಿಜವಾದ ತಲೆನೋವು ಬೇರೆಯೇ ಇದೆ. ಔಷಧ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡ, ಕ್ಲೋಬೆಟಸಾಲ್ ಎಂಬ ಪ್ರಬಲ ಸ್ಟೀರಾಯ್ಡ್ ಬೆರೆತ ಟ್ಯೂಬನ್ನು ಹಚ್ಚಿಕೊಂಡು ಬರುವವರು, "ಡಾಕ್ಟ್ರೇ, ಅದರಲ್ಲಿ ತುರಿಕೆ ರಾತ್ರಿಯೇ ನಿಂತಿತ್ತು, ನಿಮ್ಮದು ನಿಧಾನ" ಎನ್ನುತ್ತಾರೆ. ನಿಂತದ್ದು ಉರಿಯೂತ ಮಾತ್ರ. ಉಂಗುರದ ಅಂಚು ಅಳಿಸಿಹೋಗಿ ರೋಗದ ಗುರುತೇ ಸಿಗದಂತಾಗುತ್ತದೆ, ತೊಡೆಸಂದಿನ ಚರ್ಮ ತೆಳುವಾಗಿ ಮತ್ತೆ ಮಾಸದ ಬಿರುಕುಗೆರೆಗಳು ಬೀಳುತ್ತವೆ, ಕೆರೆದು ನೋಡಿದರೆ ಶಿಲೀಂಧ್ರದ ಎಳೆಗಳು ಕಿಕ್ಕಿರಿದಿರುತ್ತವೆ. ಅಂಥವರಿಗೆ, ಮೈಯೆಲ್ಲ ಹಬ್ಬಿದವರಿಗೆ ಬರೀ ಮುಲಾಮು ಸಾಲದು. ಇಟ್ರಾಕೊನಝೋಲ್ ಮಾತ್ರೆಯನ್ನೂ ಸೇರಿಸುತ್ತೇನೆ.

ಸೋಂಕು ಉಗುರಿಗೆ ತಗುಲಿದರೆ, ಅಲ್ಲಿಗೆ ಕ್ರೀಮ್ ಇಳಿಯುವುದಿಲ್ಲ. ಶೇಕಡಾ 5ರ ಅಮೊರಾಲ್ಫಿನ್ ಲೇಪವನ್ನು ವಾರಕ್ಕೊಮ್ಮೆ, ಕಾಲಿನ ಉಗುರಾದರೆ ವರ್ಷದ ಹತ್ತಿರ ಹಚ್ಚಬೇಕಾಗುತ್ತದೆ. ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಒಂದೇ ಟವೆಲ್ ಬಳಸುವ ಎಲ್ಲರನ್ನೂ ಒಟ್ಟಿಗೆ ಕರೆತರಲು ಹೇಳುತ್ತೇನೆ. ಒಬ್ಬರಿಗೆ ಉಳಿದರೂ ಮುಂದಿನ ತಿಂಗಳು ಎಲ್ಲರೂ ಮತ್ತೆ ಬರುತ್ತಾರೆ.