ಕೊನೆಗೌಡರ ಕೈಗೇ ದೋಟಿ ಕೊಟ್ಟೆವು

ನಾಲ್ಕು ಮನೆ ಸೇರಿ ಅಡಿಕೆಯ ಕೊಳೆ ರೋಗದ ಔಷಧಿಗೆ ಪಾಲಿನ ದೋಟಿ (ನೆಲದಲ್ಲೇ ನಿಂತು ಗೊನೆಗೆ ಔಷಧಿ ಹೊಡೆಯುವ ಉದ್ದ ಕೋಲು) ತರುತ್ತೇವೆ ಅಂದಾಗ ಸಾಗರದ ಕಡೆಯ ನೆಂಟರಿಂದ ಹಿಡಿದು ಎಲ್ಲರದೂ ಒಂದೇ ಮಾತು: ಒಂದು ಮಳೆಗಾಲ ದಾಟುವುದಿಲ್ಲ, ಮರ ಹತ್ತಿ ಔಷಧಿ ಹೊಡೆಯಲು ಇದ್ದ ಕೊನೆಗೌಡರೂ ಕೈಬಿಡುತ್ತಾರೆ. ಮಳೆಗಾಲಗಳು ದಾಟಿದವು, ಕೊನೆಗೌಡರೇ ಈಗ ದೋಟಿಯ ಯಜಮಾನರು.

80 ಅಡಿಯ ಕಾರ್ಬನ್ ಫೈಬರ್ ದೋಟಿ, ಪಂಪು, ಪೈಪು ಎಲ್ಲ ಸೇರಿ ಲಕ್ಷ ದಾಟಿತು. ಮನೆಗೆ ಸಮಪಾಲು ಅನ್ನುವ ಲೆಕ್ಕ ಮೊದಲ ಔಷಧಿಗೇ ಮುರಿದುಬಿತ್ತು. ಅರ್ಧ ಎಕರೆಯವರು ಮೂರು ಎಕರೆಯವರಷ್ಟೇ ಯಾಕೆ ಕೊಡಬೇಕು? ಈಗ ಲೆಕ್ಕ ಡ್ರಮ್ಮಿನದು, ಯಾರ ತೋಟಕ್ಕೆ 200 ಲೀಟರಿನ ಎಷ್ಟು ಡ್ರಮ್ಮು ಔಷಧಿ ಹೋಯಿತೋ ಅಷ್ಟು ದುಡ್ಡು. ಪೆಟ್ರೋಲು, ಕೂಲಿ, ರಿಪೇರಿಗೆ ಎತ್ತಿಡುವ ದುಡ್ಡು ಎಲ್ಲ ಅದರಲ್ಲೇ ಬಂತು. ಎಕರೆಗೆ ಎರಡೂವರೆ, ಮೂರು ಡ್ರಮ್ಮು ಹಿಡಿಯುತ್ತದೆ.

ಕೂಲಿಯಲ್ಲಿ ಚೌಕಾಸಿ ಮಾಡಲಿಲ್ಲ. ಮರ ಹತ್ತಿದರೆ ಏನು ಕೊಡುತ್ತಿದ್ದೆವೋ ನೆಲದಲ್ಲಿ ನಿಂತರೂ ಅಷ್ಟೇ. ಬೆಂಗಳೂರು ಬಿಟ್ಟು ಬಂದ ಎಂಜಿನಿಯರ್ ಹುಡುಗನಿಗೆ ಪಂಪು, ಗನ್ನು, ನಾಜಲ್ಲು ಗೊತ್ತು. ಗೊನೆ ಯಾವ ಮಗ್ಗುಲಲ್ಲಿ ಅಡಗಿದೆ, ಹಾಳೆ ಎಲ್ಲಿ ಅಡ್ಡ ಬರುತ್ತದೆ ಅನ್ನುವುದು ಕೊನೆಗೌಡರ ಕಣ್ಣಿಗೇ ಗೊತ್ತು. ದೋಟಿ ಹಿಡಿದವನಿಗೆ ತನ್ನ ನೆತ್ತಿಯ ಮೇಲಿನದು ಕಾಣುವುದಿಲ್ಲ. ಎದುರು ಮಗ್ಗುಲಲ್ಲಿ ನಿಂತವನು "ಇನ್ನೊಂಚೂರು ಎಡಕ್ಕೆ ಮಾರಾಯ" ಅನ್ನಬೇಕು. ಇಪ್ಪತ್ತು ಮರಕ್ಕೊಮ್ಮೆ ಕೈ ಬದಲಿಸುತ್ತಾರೆ, ಇಲ್ಲವಾದರೆ ಕುತ್ತಿಗೆ ಹಿಡಿಯುತ್ತದೆ. ಹುಡುಗನ ಬಾಯಲ್ಲಿ ಮೊದಮೊದಲು "ಗೌಡ್ರೇ" ಇತ್ತು, ಈಗ "ಚಿಕ್ಕಪ್ಪ". ಔಷಧಿ ಇಲ್ಲದ ದಿನವೂ ಇಬ್ಬರೂ ಪಂಪು ಬಿಚ್ಚಿಕೊಂಡು ಕೂತಿರುತ್ತಾರೆ.

ತೋಟದ ಗಡಿಯ ಅಗಳದ ತಕರಾರಿನಲ್ಲಿ ಮಾತು ಬಿಟ್ಟಿದ್ದ ಎರಡು ಮನೆಯವರನ್ನು ಬೇಕೆಂದೇ ಡ್ರಮ್ಮಿನ ಹತ್ತಿರ ನಿಲ್ಲಿಸಿದೆವು. ಔಷಧಿ ಅಂದರೆ ಬೋರ್ಡೋ ದ್ರಾವಣ, 200 ಲೀಟರಿಗೆ 2 ಕೆಜಿ ಮೈಲುತುತ್ತ, 2 ಕೆಜಿ ಸುಣ್ಣ. ಪ್ಲಾಸ್ಟಿಕ್ ಪಾತ್ರೆಯಲ್ಲೇ, ಬೇರೆಬೇರೆಯಾಗಿ ನೂರು ನೂರು ಲೀಟರಿನಲ್ಲಿ. ಒಬ್ಬರು ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಇನ್ನೊಬ್ಬರು ಕೈಬಿಡದೆ ಕಲಕಬೇಕು. ಆಮೇಲೆ ಉಜ್ಜಿದ ಕತ್ತಿಯ ಅಲಗು ಅದ್ದಿ, ಇಬ್ಬರೂ ಬಗ್ಗಿ ನೋಡಬೇಕು. ಕೆಂಪು ಕಟ್ಟಿದರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ತಿಳಿ ಬೇಕು. "ಸಾಕಾ?", "ಇನ್ನೊಂದು ಚೊಂಬು" ಅನ್ನುವಲ್ಲಿಂದ ಶುರುವಾಗಿ ಈಗ ಒಬ್ಬರ ಮನೆ ಹಲಸಿನ ಹಪ್ಪಳ ಇನ್ನೊಬ್ಬರ ಮನೆ ಅಟ್ಟದಲ್ಲಿದೆ. ಸುಣ್ಣ ಸೋಸದಿದ್ದರೆ ನಾಜಲ್ಲು ಕಟ್ಟುತ್ತದೆ, ಜಗಳವೂ ಏಳುತ್ತದೆ. ಸೋಸುವ ಬಟ್ಟೆ ಎರಡು ಪದರ ಇರಲಿ. ಕಲಸಿದ್ದು ಅವತ್ತೇ ಮುಗಿಯಬೇಕು. ಔಷಧಿ ಗೊನೆಗೆ ಅಂಟಲು ರಾಳದ ಜೊತೆ ಇನ್ನೊಂದು ಹಾಕುತ್ತೇವೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ನಡುವೆ ಕೊನೆಗೌಡರ ಮಾತಿಗೆ ಹತ್ತಿಪ್ಪತ್ತು ಮರದ ಗೊನೆಗೆ ಕೊಟ್ಟೆ (ಮಳೆ ತಾಗದ ಹಾಗೆ ಹೊದಿಸುವ ಹೊದಿಕೆ) ಕಟ್ಟಿ ನೋಡಿದೆವು. ಕೊಳೆ ಒಂದೂ ಬರಲಿಲ್ಲ. ಆದರೆ ಕಟ್ಟಲು ಒಮ್ಮೆ, ಬಿಚ್ಚಲು ಒಮ್ಮೆ ಹತ್ತಬೇಕು, ಕೂಲಿ ಗಿಟ್ಟಲಿಲ್ಲ. ತಗ್ಗಿನ, ಬಿಸಿಲು ಬೀಳದ ಮೂಲೆಗೆ ಮಾತ್ರ ಉಳಿಸಿಕೊಂಡಿದ್ದೇವೆ.

ಮೊದಲ ಔಷಧಿ ರೋಹಿಣಿ ಮಳೆಯೊಳಗೆ, ಎರಡನೆಯದು 40-45 ದಿನಕ್ಕೆ, ಮಳೆ ಬಿಟ್ಟು ಹೊಳವಾದಾಗ. ಸರದಿಯಲ್ಲಿ ತಗ್ಗಿನ ತೋಟವೇ ಮೊದಲು, ಯಜಮಾನ ಯಾರೇ ಆಗಿರಲಿ. ಕರೆಂಟು ತಂತಿ ಹಾಯ್ದ ಸಾಲಿಗೆ ದೋಟಿ ಒಯ್ಯುವುದೇ ಇಲ್ಲ. ಕಾರ್ಬನ್ನಿನಲ್ಲಿ ವಿದ್ಯುತ್ ಹರಿಯುತ್ತದೆ, ಜೀವ ಹೋಗುತ್ತದೆ. ಆ ಮರಗಳಿಗೆ ಲೈನಿನ ಕರೆಂಟು ತೆಗೆಸಿ, ಕೊನೆಗೌಡರೇ ಹತ್ತುತ್ತಾರೆ.

ಈಗ ಪಕ್ಕದ ಕೇರಿಯವರು ಬಾಡಿಗೆಗೆ ಕೇಳುತ್ತಿದ್ದಾರೆ. ದೋಟಿ ಒಂದನ್ನೇ ಕೊಡುವುದಿಲ್ಲ. ಬಂದರೆ ಚಿಕ್ಕಪ್ಪನೂ ಹುಡುಗನೂ ಜೊತೆಗೇ ಬರುತ್ತಾರೆ, ಲೆಕ್ಕ ಡ್ರಮ್ಮಿನದು.